ಸೊನ್ನೆ ತೋರಿಸಿದ ಕಿಟ್

ಸುಳ್ಳು ಹೇಳುವ ಮೀಟರ್ ಕಂಡರೆ ನನಗೆ ಮೈ ಉರಿಯುತ್ತದೆ. ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರ್. ಒತ್ತಡ, ಉಷ್ಣಾಂಶ, ಹರಿವು ಇವನ್ನೆಲ್ಲ ಅಳೆಯುವ ಮೀಟರುಗಳು ನಿಜ ಹೇಳುತ್ತಿವೆಯೇ ಎಂದು ನೋಡುವುದು, ಹೇಳದಿದ್ದರೆ ಕಿವಿ ಹಿಂಡಿ ಹೇಳಿಸುವುದು ನಮ್ಮ ವಿಭಾಗದ ಕೆಲಸ. ದಾವಣಗೆರೆಯಿಂದ ಇಲ್ಲಿಗೆ ಬಂದವನು ಅರ್ಧ ಆಯುಷ್ಯ ಕಳೆದದ್ದೇ ಇದರಲ್ಲಿ. ಇಂಥ ನನ್ನನ್ನು ಬೆರಳುದ್ದದ ಒಂದು ಗಾಜಿನ ನಳಿಗೆ, ಎರಡು ಪುಟ್ಟ ಬಾಟಲಿ ಮತ್ತು ಒಂದು ಬಣ್ಣದ ಚೀಟಿ ಸೇರಿಕೊಂಡು ಒಂದಿಡೀ ಬೇಸಿಗೆ ಕೋತಿಯ ಹಾಗೆ ಕುಣಿಸಿದವು.

ಕುಣಿತ ನಡೆದದ್ದು ವಿಜಯವಾಡದಲ್ಲಿ. ನನ್ನ ಹೆಂಡತಿ ಆ ಊರಿನವಳು, ತೆಲುಗಿನವಳು. ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ತವರೂರಿಗೇ ಹೋದಾಗ ಮಗಳನ್ನೂ ಕರೆದುಕೊಂಡು ಹೋದಳು. ಅಲ್ಲಿ ಅತ್ತೆಯವರೂ ಅವರ ಜೊತೆಗೆ ಇದ್ದಾರೆ. ನಾನು ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ ಉಳಿದೆ. ಶುಕ್ರವಾರ ಡ್ಯೂಟಿ ಮುಗಿಸಿ ರೈಲು ಹತ್ತುವುದು, ಭಾನುವಾರ ಹಿಂದಿರುಗುವುದು. ಮಗಳು ಆಗ ಆರನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಮನೆಯಲ್ಲೂ ತೆಲುಗು. ಕನ್ನಡ ಅವಳಿಗೆ ವಾರಕ್ಕೊಮ್ಮೆ ಬರುವ ನೆಂಟನಾಗಿತ್ತು. ಫೋನ್ ಮಾಡಿದರೆ "ಊಂ", "ಆಯ್ತು", "ಅಮ್ಮಂಗೆ ಕೊಡ್ತೀನಿ" ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಮಾತು ಹಿಂತಿರುಗಿದ್ದು ಮೀನಿನ ತೊಟ್ಟಿಯಿಂದ. ಉಪ್ಪುನೀರಿನ ತೊಟ್ಟಿ ಬೇಕೆಂದು ಹಟ ಹಿಡಿದವಳು ಅವಳೇ. ನಾನೂ ಬೇಡವೆನ್ನಲಿಲ್ಲ. ವಿಶಾಖಪಟ್ಟಣದ ದ್ವಾರಕಾ ನಗರದ ಒಂದು ಅಂಗಡಿಯಿಂದ ಉಪ್ಪಿನ ಪ್ಯಾಕೆಟ್ಟು, ಪಂಪು, ಕಲ್ಲು ಎಲ್ಲವನ್ನೂ ಹೊತ್ತೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಒಂದು ಜೋಡಿ ಕ್ಲೌನ್ ಮೀನು, ಪಾಚಿ ತಿನ್ನಲು ನಾಲ್ಕಾರು ಬಸವನಹುಳು, ಕೊನೆಗೆ ಒಂದು ಅನೆಮನಿ. ಅನೆಮನಿ ಎಂದರೆ ನೋಡಲು ಹೂವು, ನಿಜಕ್ಕೆ ಪ್ರಾಣಿ. ಮೈಯೆಲ್ಲ ಬೆರಳುಗಳು. ಕ್ಲೌನ್ ಮೀನುಗಳು ಆ ಬೆರಳುಗಳ ನಡುವೆಯೇ ಮನೆ ಮಾಡಿಕೊಳ್ಳುತ್ತವೆ. ಅದನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಇರಿಸಿಕೊಂಡು ರೈಲಿನಲ್ಲಿ ಒಯ್ದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಡಬ್ಬಿಯನ್ನು ಬಹಳ ಹೊತ್ತು ನೋಡಿ, "ರೊಯ್ಯಲಾ ಅಂಡಿ?" ಎಂದರು. ಸೀಗಡಿಯಲ್ಲ, ಹೂವು ಎಂದು ನನಗೆ ಬಂದ ತೆಲುಗಿನಲ್ಲಿ ಹೇಳಿದೆ. ಅವರು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಮಗಳು ಅದಕ್ಕೆ ಹೂವು ಎಂದೇ ಹೆಸರಿಟ್ಟಳು. ಮೀನು ಎರಡೂ ಮಾರನೆಯ ದಿನವೇ ಅದರೊಳಗೆ ಹೊಕ್ಕವಂತೆ. ಅದನ್ನು ಹೇಳಲು ಅವಳೇ ಫೋನ್ ಮಾಡಿದಳು, ಅದೂ ಕನ್ನಡದಲ್ಲಿ. "ಅಪ್ಪಾ, ಒಳಗೆ ಹೋಗಿ ಮಲ್ಕೊಂಡವೆ! ತಲೆ ಮಾತ್ರ ಕಾಣ್ತಾ ಇದೆ!" ಅಂದಿನಿಂದ ದಿನಾ ಸಂಜೆ ನಮ್ಮಿಬ್ಬರಿಗೆ ಒಂದು ಕೆಲಸವಾಯಿತು. ನೀರಿನ ಪರೀಕ್ಷೆ. ಅವಳು ಅಲ್ಲಿ ಪರೀಕ್ಷೆಯ ಕಿಟ್ಟಿನ ನಳಿಗೆಗೆ ನೀರು ತುಂಬಿ ಔಷಧಿಯ ಹನಿ ಎಣಿಸುವುದು, ನಾನು ಇಲ್ಲಿ ಫೋನಿನಲ್ಲಿ ಬಣ್ಣ ಕೇಳುವುದು. ನಡುವೆ ಕಾಯುವ ಹೊತ್ತಿನಲ್ಲಿ ಅವಳ ಶಾಲೆ, ಜಗಳ, ಗೆಳತಿಯರು, ಎಲ್ಲ ಹೊರಗೆ ಬರುತ್ತಿತ್ತು. ಆ ಹೂವು ಬದುಕಿರುವಷ್ಟು ದಿನ ನನ್ನ ಮಗಳು ನನ್ನ ಜೊತೆ ಮಾತಾಡುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಹಾಗಾಗಿ ನೀರು ಚೆನ್ನಾಗಿರಲೇಬೇಕಿತ್ತು.

ಆದರೆ ನೀರು ಚೆನ್ನಾಗಿದೆಯೇ ಎಂದು ಹೇಳಬೇಕಾದವನು ಯಾರು? ಆ ಕಿಟ್. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಕೊಳೆತರೆ ನೀರಿನಲ್ಲಿ ಅಮೋನಿಯಾ ಏರುತ್ತದೆ. ಕಿಟ್ಟಿನ ಹನಿ ಹಾಕಿದಾಗ ನೀರು ಹಳದಿಯಾದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ಕೇಳಲು ಎಷ್ಟು ಸಲೀಸು! ನಮ್ಮ ನೀರು ಹಳದಿಯೂ ಆಗುತ್ತಿರಲಿಲ್ಲ, ಹಸಿರೂ ಆಗುತ್ತಿರಲಿಲ್ಲ. ನಿಂಬೆಕಾಯಿ ಹಣ್ಣಾಗುವಾಗ ಒಂದು ಬಣ್ಣ ಬರುತ್ತದಲ್ಲ, ಅದು. ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣ, ಕಿಟಕಿಯ ಹತ್ತಿರ ಇನ್ನೊಂದು, ವಿಡಿಯೋ ಕಾಲಿನಲ್ಲಿ ಮೂರನೆಯದು. ಹೆಂಡತಿ ಬಂದು ನೋಡಿದರೆ ನಾಲ್ಕನೆಯದು.

ನಾನು ಬಿಡುವ ಪೈಕಿಯಲ್ಲ. ಮೀಟರಿನ ಮೇಲೆ ಅನುಮಾನ ಬಂದರೆ ಉತ್ತರ ಗೊತ್ತಿರುವ ವಸ್ತುವನ್ನು ಅದಕ್ಕೆ ಕೊಟ್ಟು ನೋಡಬೇಕು, ಅದು ನಮ್ಮ ಕಸುಬಿನ ಮೊದಲ ಪಾಠ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಅದನ್ನೇ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲದ ನೀರು ಅದು. ಕಿಟ್ ಅದರಲ್ಲೂ ಅಮೋನಿಯಾ ಇದೆ ಎಂದಿತು. ಬ್ಯಾಟರಿಯೊಳಗೆ ಯಾವ ಮೀನು ಉಚ್ಚೆ ಹೊಯ್ದಿತ್ತೋ ದೇವರೇ ಬಲ್ಲ.

ಕಿಟ್ಟನ್ನು ಎತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಇಂಥ ಕಿಟ್‌ಗಳನ್ನೆಲ್ಲ ರಸ್ತೆಯ ಕಡೆಯ ಗಾಜಿನ ಶೋಕೇಸಿನಲ್ಲಿ ಜೋಡಿಸಿಟ್ಟಿದ್ದ. ಮಧ್ಯಾಹ್ನವಿಡೀ ಬಿಸಿಲು ಬೀಳುವ ಜಾಗ. ಹೀಗಿಟ್ಟರೆ ಒಳಗಿನ ಔಷಧಿ ಕೆಡುವುದಿಲ್ಲವೇ ಎಂದೆ. "ಕಂಪೆನಿ ಸೀಲ್ ಇದೆ ಸಾರ್" ಎಂದ. ಸೀಲಿಗೂ ಬಿಸಿಲಿಗೂ ಏನು ಸಂಬಂಧ? "ಇದು ಬೇಡ ಅಂದ್ರೆ ಇನ್ನೊಂದು ಕಂಪೆನೀದು ಇದೆ, ಸೂಪರ್ ಆಗಿರತ್ತೆ" ಎಂದು ಪಕ್ಕದ್ದನ್ನು ತೆಗೆದ. ಅದೂ ಅದೇ ಬಿಸಿಲಿನಲ್ಲಿ ಕೂತಿದ್ದದ್ದೇ. ಆದರೂ ತಂದೆ, ಬೇರೆ ದಾರಿ ಏನಿತ್ತು? ಕ್ವಾರ್ಟರ್ಸಿಗೆ ಬಂದು ಬಿಚ್ಚಿ ನೋಡಿದರೆ ಒಳಗಿದ್ದದ್ದು ಸಿಹಿನೀರಿನ ಮೀನಿಗೆ ಮಾಡಿದ ಬಣ್ಣದ ಚೀಟಿ. ಬದಲಾಯಿಸಿ ತಂದೆ. ಆ ಕಿಟ್ ಅಮೋನಿಯಾ ಸೊನ್ನೆ ಎಂದಿತು, ಮೊದಲನೆಯದು ಇದೆ ಎಂದಿತು. ಅದೇ ಹೊಲಸಿನಿಂದ ಹುಟ್ಟುವ ನೈಟ್ರೇಟನ್ನು ನೋಡುವ ಕಿಟ್ಟಿನದು ಇನ್ನೊಂದು ರಾಮಾಯಣ. ಅದರ ಎರಡನೇ ಬಾಟಲಿಯ ತಳದಲ್ಲಿ ಪುಡಿ ಕೂತಿರುತ್ತದೆ, ಕೈ ನೋಯುವವರೆಗೆ ಅಲ್ಲಾಡಿಸಬೇಕು. ಅಲ್ಲಾಡಿಸಿದ ದಿನ ನೀರು ಕೆಂಪು, ಅಂದರೆ ನೈಟ್ರೇಟ್ ಇದೆ; ಮರೆತ ದಿನ ಹಳದಿ, ಅಂದರೆ ಇಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಹೆಂಡತಿ. ನಾನೇ ಕಲಿಸಿದ ಗಾದೆ. ಕನ್ನಡ ಕಲಿತದ್ದು ಇದಕ್ಕೇ ಏನೋ.

ಮಾರ್ಚ್ ದಾಟಿತು. ವಿಜಯವಾಡದ ಬೇಸಿಗೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ನಂಬುವುದಿಲ್ಲ. ಫ್ಯಾನಿನ ಗಾಳಿಗೆ ತೊಟ್ಟಿಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ನೀರು ಆವಿಯಾದರೂ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದಷ್ಟನ್ನೂ ಸಿಹಿನೀರಿನಿಂದಲೇ ತುಂಬಬೇಕು. ನಲ್ಲಿಯ ನೀರು ಬೇಡ, ಕ್ಲೋರಿನ್ ಇರುತ್ತದೆ, ನಾವು ಕುಡಿಯುವ ನೀರನ್ನೇ ಹಾಕು ಎಂದು ಮಗಳಿಗೆ ಮೊದಲೇ ಹೇಳಿಕೊಟ್ಟಿದ್ದೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಮರೆಯದೆ ಹಾಕುತ್ತಿದ್ದಳು. ಅವಳ ಶಿಸ್ತನ್ನು ನಮ್ಮ ವಿಭಾಗದ ಕೆಲವರು ಕಲಿಯಬೇಕು.

ಏಪ್ರಿಲ್‌ನಲ್ಲಿ ಬಸವನಹುಳುಗಳು ಸತ್ತವು. ಗಾಜಿಗೆ ಅಂಟಿಕೊಂಡಿರುತ್ತಿದ್ದವು ಒಂದೊಂದಾಗಿ ಜಾರಿ ಮರಳಿನ ಮೇಲೆ ಬಿದ್ದವು. ಆಮೇಲೆ ಹೂವು ಬೆರಳುಗಳನ್ನು ಒಳಗೆ ಎಳೆದುಕೊಳ್ಳತೊಡಗಿತು. ಮೀನುಗಳು ಮಾತ್ರ ಗುಂಡುಕಲ್ಲಿನ ಹಾಗೆ ಇದ್ದವು, ತಿನ್ನುತ್ತಿದ್ದವು, ಓಡಾಡುತ್ತಿದ್ದವು.

"ಕಿಟ್ ಏನು ಹೇಳತ್ತೆ?" ನಾನು ದಿನಾ ಕೇಳುವ ಮಾತು.

"ಹೊಸ ಕಿಟ್ ಎಲ್ಲಾ ಚೆನ್ನಾಗಿದೆ ಅಂತ ಹೇಳತ್ತೆ ಅಪ್ಪಾ. ಆದ್ರೆ ಹೂವು ಚೆನ್ನಾಗಿಲ್ಲ."

ಎಲ್ಲ ಚೆನ್ನಾಗಿದ್ದರೆ ಹೂವು ಯಾಕೆ ಮುದುಡುತ್ತದೆ? ಮೂರನೆಯ ಕಂಪೆನಿಯ ಕಿಟ್ ತರಿಸಿದೆ. ನೀರಿನಲ್ಲಿ ಅದ್ದಿ ತೆಗೆಯುವ ಪಟ್ಟಿಗಳನ್ನು ತರಿಸಿದೆ. ಅವು ವಿಶಾಖಪಟ್ಟಣದ ಸಮುದ್ರದ ಗಾಳಿಗೆ ಡಬ್ಬಿಯಲ್ಲೇ ಮೆತ್ತಗಾಗಿ, ನೀರು ಮುಟ್ಟುವ ಮುಂಚೆಯೇ ಬಣ್ಣ ತಿರುಗಿದ್ದವು. ಒಂದು ಸಂಜೆ ಎರಡು ಕಿಟ್ ಎರಡು ಉತ್ತರ ಕೊಟ್ಟಾಗ ನನ್ನ ತಾಳ್ಮೆ ತಪ್ಪಿತು. ಹನಿ ಸರಿಯಾಗಿ ಎಣಿಸುತ್ತಿದ್ದೀಯಾ, ಬಾಟಲಿ ನೆಟ್ಟಗೆ ಹಿಡಿಯುತ್ತೀಯಾ, ನಳಿಗೆ ತೊಳೆದಿದ್ದೀಯಾ, ನಿನ್ನಿಂದಲೇ ಹೀಗಾಗುತ್ತಿರಬೇಕು ಎಂದು ಫೋನಿನಲ್ಲಿ ಕೂಗಾಡಿದೆ. ಆಮೇಲೆ ಹೆಂಡತಿಯ ದನಿ ಬಂತು. "ಏಮಂಡಿ, ಮಗು ಅಳ್ತಾ ಇದೆ. ನಿಮ್ಮ ಪ್ಲಾಂಟಿನ ಸಿಟ್ಟು ಪ್ಲಾಂಟಲ್ಲೇ ಇಟ್ಟು ಬನ್ನಿ." ಕಿಟ್ಟಿನ ಮೇಲಿನ ಸಿಟ್ಟು ಮಗುವಿನ ಮೇಲೆ ಹೋಯಿತಲ್ಲ ಎಂದು ಆ ಕಿಟ್ಟಿನ ಮೇಲೆ ಇನ್ನೂ ಸಿಟ್ಟು ಬಂತು.

ಹೂವು ಉಳಿಯಲಿಲ್ಲ. ನಾನು ಶನಿವಾರ ಬೆಳಿಗ್ಗೆ ಮನೆಗೆ ಹೋಗುವಷ್ಟರಲ್ಲಿ ಅದು ಕಲ್ಲಿನಿಂದ ಕಳಚಿ, ಬೂದು ಬಣ್ಣದ ಲೋಳೆಯಾಗಿ ಮೂಲೆಯಲ್ಲಿ ಬಿದ್ದಿತ್ತು. ಮನೆಯೆಲ್ಲ ವಾಸನೆ. ಮಗ್ಗಿನಲ್ಲಿ ಬಾಚಿ ತೆಗೆದೆ. ಮಗಳು ಸೋಫಾದ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದಳು, ಹತ್ತಿರ ಬರಲಿಲ್ಲ. ಮೀನು ಎರಡೂ ಹೂವಿದ್ದ ಕಲ್ಲಿನ ಸುತ್ತಲೇ ತಿರುಗುತ್ತಿದ್ದವು. ಅದನ್ನು ನೋಡಲು ಆಗಲಿಲ್ಲ.

ಸಂಜೆಯ ಫೋನು ಮತ್ತೆ "ಊಂ", "ಆಯ್ತು"ಗೆ ಇಳಿಯಿತು. ನೀರು ತುಂಬುವುದನ್ನು ಮಾತ್ರ ಬಿಡಲಿಲ್ಲ, ಮೀನುಗಳಿವೆಯಲ್ಲ. ಪರೀಕ್ಷೆ ಮಾಡುವೆಯಾ ಎಂದರೆ, "ಬೇಡ ಅಪ್ಪಾ, ಅದು ಸುಳ್ಳು ಹೇಳತ್ತೆ" ಎನ್ನುತ್ತಿದ್ದಳು. ನಾನೇ ಕಲಿಸಿದ ಮಾತು ಅದು. ಇಲ್ಲವೆನ್ನುವುದು ಹೇಗೆ?

ನಮ್ಮ ಕಾರ್ಖಾನೆಯ ನೀರಿನ ಲ್ಯಾಬಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ, ಕೆಮಿಸ್ಟ್. ಕ್ಯಾಂಟೀನಿನಲ್ಲಿ ಅವರ ಮುಂದೆ ಕಿಟ್ ಕಂಪೆನಿಗಳ ಜಾತಕವನ್ನೆಲ್ಲ ಬಿಚ್ಚಿದೆ. ಅವರು ಊಟ ಮಾಡುತ್ತಲೇ ಕೇಳಿದರು, "ಮೀನು ಆರಾಮಾಗಿದೆ, ಮೂಳೆ ಇಲ್ಲದ್ದೆಲ್ಲ ಸತ್ತಿದೆ ಅಂತೀರಿ. ತಾಮ್ರ ನೋಡಿದ್ರಾ ಸಾರ್?"

ನಕ್ಕುಬಿಟ್ಟೆ. ಗಾಜಿನ ತೊಟ್ಟಿ, ಪ್ಲಾಸ್ಟಿಕ್ ಪಂಪು, ಎಲ್ಲಿಂದ ಬರಬೇಕು ತಾಮ್ರ? ಆದರೂ ಆ ವಾರ ವಿಜಯವಾಡದಿಂದ ಒಂದು ಬಾಟಲಿ ತೊಟ್ಟಿಯ ನೀರು ತಂದುಕೊಟ್ಟೆ. ಅವರು ತಮ್ಮ ದೊಡ್ಡ ಯಂತ್ರದಲ್ಲಿ ನೋಡಿ ನನಗೆ ಫೋನ್ ಮಾಡಿದರು. ತಾಮ್ರ ಇದೆ. ಮನುಷ್ಯನಿಗೆ ಏನೂ ಆಗದಷ್ಟು, ಮೀನಿಗೂ ಏನೂ ಆಗದಷ್ಟು. ಅನೆಮನಿಗೆ, ಬಸವನಹುಳುವಿಗೆ ಮಾತ್ರ ಅಷ್ಟೇ ಸಾಕು ಎಂದರು. ಹಾಗಾದರೆ ತಾಮ್ರದ ಕಿಟ್ ಇಟ್ಟುಕೊಂಡಿದ್ದರೆ ಗೊತ್ತಾಗುತ್ತಿತ್ತೇ ಎಂದೆ. "ಅಂಗಡಿ ಕಿಟ್ಟಿಗೆ ಇಷ್ಟು ಕಮ್ಮಿ ಇದ್ದರೆ ಕಾಣೋದೇ ಇಲ್ಲ ಸಾರ್. ಸೊನ್ನೆ ಅಂತಲೇ ತೋರಿಸತ್ತೆ."

ಮುಂದಿನ ಶನಿವಾರ ಮನೆಗೆ ಹೋದಾಗ ಅತ್ತೆಯವರು ಎಂದಿನಂತೆ ನೀರು ತಂದುಕೊಟ್ಟರು. "ತಾಗಂಡಿ ಬಾಬು, ರೈಲಲ್ಲಿ ಬಂದು ದಣಿದಿರ್ತೀರಿ." ನನಗಾಗಿ ಅರ್ಧ ಕನ್ನಡ ಕಲಿತಿದ್ದಾರೆ ಅವರು. ಆ ಮನೆಯಲ್ಲಿ ಕುಡಿಯುವ ನೀರೆಂದರೆ ಕ್ಯಾನಿನ ನೀರನ್ನು ರಾತ್ರಿಯೇ ತಾಮ್ರದ ಬಿಂದಿಗೆಗೆ ಸುರಿದಿಟ್ಟು ಮಾರನೆಯ ದಿನ ಕುಡಿಯುವ ನೀರು. ಕ್ಯಾನಿನ ನೀರಿನಲ್ಲಿ ಸತ್ವವಿಲ್ಲ ಎಂಬುದು ಅವರ ನಂಬಿಕೆ. ಬಿಂದಿಗೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ದಿನಾ ಫಳಫಳ ಉಜ್ಜುತ್ತಾರೆ. ಈ ನೀರಿನ ರುಚಿಯೇ ಬೇರೆ ಎಂದು ನಾನು ಎಷ್ಟೋ ಸಲ ಅವರನ್ನು ಹೊಗಳಿದ್ದೇನೆ. ಲೋಟ ಬಾಯಿಯ ಹತ್ತಿರ ಇರುವಾಗಲೇ ಮಗಳು ಅಡುಗೆಮನೆಗೆ ಹೋದಳು. ಬಿಂದಿಗೆಗೆ ಮಗ್ ಅದ್ದಿದಳು, ತುಂಬಿಸಿಕೊಂಡು ತೊಟ್ಟಿಯ ಕಡೆ ನಡೆದಳು, ಒಂದು ಹನಿಯೂ ಚೆಲ್ಲದ ಹಾಗೆ ನಿಧಾನವಾಗಿ ಸುರಿದಳು.

ನಾವು ಕುಡಿಯುವ ನೀರು. ನಾನು ಹೇಳಿದ ಹಾಗೆಯೇ.

ನೀರು ಆವಿಯಾಗುತ್ತಿತ್ತು, ಉಪ್ಪಿನ ಹಾಗೆ ತಾಮ್ರವೂ ಅಲ್ಲೇ ಉಳಿಯುತ್ತಿತ್ತು. ಬೇಸಿಗೆ ಏರಿದಷ್ಟೂ ಅವಳು ಹೆಚ್ಚು ಹೆಚ್ಚು ಸುರಿದಿದ್ದಳು. ನನ್ನ ಒಂದು ಕಪಾಟಿನ ತುಂಬ ಕಿಟ್‌ಗಳಿದ್ದವು, ಅವುಗಳಲ್ಲಿ ಒಂದಕ್ಕೂ ಇದು ಕಾಣಲಿಲ್ಲ. ಯಾರ ಮೇಲೆ ರೇಗಬೇಕು? ಅತ್ತೆಯವರು ತಮ್ಮ ಮನೆಯಲ್ಲಿ ತಮ್ಮ ಬಿಂದಿಗೆಯಲ್ಲಿ ನೀರಿಟ್ಟಿದ್ದರು. ಮಗಳು ಹೇಳಿದ ಮಾತು ಕೇಳಿದ್ದಳು. ನನಗೆ ಲೋಟವನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು, ಎಸೆಯಲು ಕಾರಣ ಮಾತ್ರ ಸಿಗಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟೆ.

ಹೆಂಡತಿಗೆ ಬಾಲ್ಕನಿಯಲ್ಲಿ ಹೇಳಿದೆ. ಅವಳು ಮೊದಲು ಕೇಳಿದ್ದು, "ಅವಳಿಗೆ ಹೇಳ್ತೀರಾ?" ತಾನೇ ಕೈಯಾರೆ ದಿನಾ ಹೂವಿಗೆ ವಿಷ ಹಾಕಿದೆ ಎಂದು ಆ ಮಗುವಿಗೆ ಗೊತ್ತಾಗಬಾರದು, ಅದರಲ್ಲಿ ನಮ್ಮಿಬ್ಬರಿಗೂ ಒಂದೇ ಮಾತು. ತೊಟ್ಟಿಗೆಂದು ಒಂದು ಸ್ಟೀಲ್ ಪಾತ್ರೆಯಲ್ಲಿ ಕ್ಯಾನಿನ ನೀರು ಬೇರೆ ಇಟ್ಟೆವು. ಇನ್ನು ಮೇಲೆ ಇದನ್ನೇ ಹಾಕು ಎಂದೆ. ಯಾಕೆ ಎಂದು ಕೇಳಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ವಾರದ ನಡುವೆ ಫೋನ್ ಬಂತು, ಅವಳಾಗಿಯೇ ಮಾಡಿದ್ದು. "ಅಪ್ಪಾ, ಬಿಂದಿಗೆ ನೀರು ಬೇಡ ಅಂದ್ಯಲ್ಲ. ನಾನು ನೆಟ್‌ನಲ್ಲಿ ನೋಡ್ದೆ. ತಾಮ್ರ ಇದ್ರೆ ಹೂವು ಸತ್ತೋಗುತ್ತಂತೆ. ಅವ್ನಾ?" ಹೌದಾ ಎಂಬುದಕ್ಕೆ ಅವಳ ಬಾಯಲ್ಲಿ ಯಾವಾಗಲೂ ತೆಲುಗೇ ಬರುತ್ತದೆ. ಛೆ ಛೆ, ಹಾಗೇನಿಲ್ಲ, ಶನಿವಾರ ಬಂದು ಪರೀಕ್ಷೆ ಮಾಡಿಯೇ ತೋರಿಸುತ್ತೇನೆ ಎಂದೆ.

ದ್ವಾರಕಾ ನಗರದ ಅದೇ ಅಂಗಡಿ, ಅದೇ ಬಿಸಿಲಿನ ಶೋಕೇಸು. ತಾಮ್ರದ ಕಿಟ್ ಒಂದನ್ನು ಕೊಂಡೆ. ಎಕ್ಸ್‌ಪೈರಿ ನೋಡಲಿಲ್ಲ, ಚೀಟಿ ಸರಿಯಿದೆಯೇ ನೋಡಲಿಲ್ಲ. ಈ ಸಲ ನನಗೆ ಬೇಕಾಗಿದ್ದದ್ದು ಕಣ್ಣು ಕಾಣದ ಕಿಟ್ಟೇ. ಅಂಗಡಿಯವನಿಗೆ ಆಶ್ಚರ್ಯವಾಗಿರಬೇಕು, ಒಂದು ಮಾತೂ ಆಡದೆ ದುಡ್ಡು ಕೊಟ್ಟು ಬಂದೆ.

ಶನಿವಾರ ಕಿಟಕಿಯ ಹತ್ತಿರ ಕೂತೆವು. ಅವಳೇ ತೊಟ್ಟಿಯ ನೀರು ತುಂಬಿದಳು, ಹನಿ ಎಣಿಸಿದಳು, ನಳಿಗೆಯನ್ನು ಬಿಳಿ ಹಾಳೆಗೆ ಹಿಡಿದು ಚೀಟಿಯ ಪಕ್ಕದಲ್ಲಿಟ್ಟಳು. ಬಣ್ಣ ಬರಲಿಲ್ಲ.

"ಸೊನ್ನೆ" ಎಂದಳು.

"ನೋಡಿದ್ಯಾ? ನೀರಲ್ಲಿ ತಾಮ್ರಾನೇ ಇಲ್ಲ. ಹೂವಿಗೆ ಏನೋ ರೋಗ ಬಂದಿರಬೇಕು ಅಷ್ಟೆ."

ಅವಳು ನಳಿಗೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಮೋನಿಯಾ ಕಿಟ್ ಸುಳ್ಳು ಅಂದೆ. ನೈಟ್ರೇಟ್ ಕಿಟ್ ಸುಳ್ಳು ಅಂದೆ. ಪಟ್ಟಿ ಸುಳ್ಳು ಅಂದೆ. ಇದೊಂದೇ ನಿಜ ಹೇಳತ್ತಾ ಅಪ್ಪಾ?"

ಕಾರ್ಖಾನೆಯಲ್ಲಿ ಎಷ್ಟೋ ಆಡಿಟರುಗಳ ಮುಂದೆ ಕೂತಿದ್ದೇನೆ, ಯಾರೂ ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಕೊನೆಗೆ ಎಲ್ಲ ಹೇಳಿದೆ. ಲ್ಯಾಬಿನ ಯಂತ್ರ ಹೇಳಿದ್ದು, ಬಿಂದಿಗೆಯ ನೀರು, ಈ ಕಿಟ್ಟಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೇ ತಂದದ್ದು, ಎಲ್ಲ. ಕುಡಿಯುವ ನೀರು ಹಾಕು ಅಂದವನು ನಾನು ಎಂದೂ ಹೇಳಿದೆ. ಅವಳು ಅಳುತ್ತಾಳೆಂದು ಕಾದೆ. ಕಣ್ಣು ತುಂಬಿದವು, ಆದರೆ ಅಳಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯವರು ಬಿಂದಿಗೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಒಮ್ಮೆ ಆ ಕಡೆ ನೋಡಿ, ನನ್ನ ಹತ್ತಿರಕ್ಕೆ ಸರಿದು, ದನಿ ತಗ್ಗಿಸಿದಳು.

"ಅಮ್ಮಮ್ಮಂಗೆ ಹೇಳ್ಬೇಡ ಅಪ್ಪಾ, ತುಂಬಾ ಬೇಜಾರು ಮಾಡ್ಕೋತಾಳೆ. ಕಿಟ್ ಸರಿ ಇರ್ಲಿಲ್ಲ ಅಂತ ಹೇಳೋಣ."